ಎಲ್ಲವೂ ಎಡತೋಳೇ

ಆಗಸ್ಟ್ ಒಂಬತ್ತು, ಭಾನುವಾರ
ಮನೆಯ ಮುಂದಿನ ಕೋಣೆಯಿಂದ

ಹೆತ್ತ ಮಗಳಿದ್ದಿದ್ದರೆ ಅವಳೂ ಇಷ್ಟು ಗದರಿಸುತ್ತಿರಲಿಲ್ಲವೇನೋ, ಅಂಥ ನನ್ನ ಅಕ್ಕನ ಮಗಳು ಚಿನಕುರುಳಿಗೆ,

ಸೋದರಮಾವನ ತುಂಬು ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಮುಕ್ಕಾಲು ಕ್ಷೇಮ, ನಿನ್ನ ಅತ್ತೆ ಒಂದೂಕಾಲು ಕ್ಷೇಮ. ಕೂಡಿಸಿದರೆ ಇಬ್ಬರ ಲೆಕ್ಕವೂ ಸರಿಹೋಗುತ್ತದೆ.

ನಿನ್ನ ಎರಡು ಕಾಗದಗಳು ಬಂದು ಕೂತಿವೆ, ಉತ್ತರ ಬರೆಯಲಿಲ್ಲ. ತಪ್ಪಾಯಿತು ಮಾರಾಯ್ತಿ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಕೆಲಸ ಭರ್ಜರಿ" ಎಂದು ಹೇಳಿ ಫೋನನ್ನು ನಿನ್ನ ಅತ್ತೆಯ ಕೈಗೆ ದಾಟಿಸಿದೆ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಹೇಳುತ್ತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ಹಳ್ಳಿ ಶಾಲೆಯ ಏಳನೇ ಕ್ಲಾಸಿನಲ್ಲಿ ದುಂಡಕ್ಷರಕ್ಕೆ ಬಹುಮಾನ ಬಂದದ್ದು ಈ ಕೈಗೇ. ಬಹುಮಾನಕ್ಕೆ ನಿಂತಿದ್ದವನು ನಾನೊಬ್ಬನೇ ಎಂದು ನಿನ್ನ ಅಮ್ಮ ಊರೆಲ್ಲ ಸಾರಿದ್ದಳು, ಹೊಟ್ಟೆಕಿಚ್ಚಿಗೆ.

ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿಧಾನವಾಗಿ ಬೈಯುವೆಯಂತೆ. ನೀನು ಕೊಡಿಸಿದ ಕೆಲಸವನ್ನು ಗುರುವಾರ ಮಧ್ಯಾಹ್ನ ಬಿಟ್ಟೆ. ಅವರು ತೆಗೆದುಹಾಕಲಿಲ್ಲ, ನಾನೇ ಬಿಟ್ಟೆ. ಈ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ, ನೋಡಿಕೋ. ಇನ್ನು ಅಲ್ಲಿಗೆ ಕಾಲಿಡುವುದಿಲ್ಲ. ನೀನು ಬಂದು ಕೈಹಿಡಿದು ಎಳೆದರೂ ಇಲ್ಲ, ನಿನ್ನ ಗೆಳತಿಯೂ ಮ್ಯಾನೇಜರಾಗಿರುವ ಅವಳ ಗಂಡನೂ ಕೂಡಿ ಬಂದು ಕರೆದರೂ ಇಲ್ಲ.

ಯಾಕೆ ಎಂದು ಕೇಳು. ಕೇಳದಿದ್ದರೂ ಹೇಳುತ್ತೇನೆ.

ನಮ್ಮ ಅಂಗಡಿಯಿದ್ದ ಕಟ್ಟಡ ಕೆಡವಿದ ಮೇಲೆ ನಾನು ಸುಮ್ಮನೆ ಕೂತಿದ್ದಾಗ, ಸಮವಸ್ತ್ರ ಹೊಲಿಯುವ ಆ ದೊಡ್ಡ ಕಾರ್ಖಾನೆಗೆ ಕಟಿಂಗ್ ಮಾಸ್ಟರ್ ಬೇಕಂತೆ ಎಂದು ನೀನೇ ಓಡಾಡಿ ಹೇಳಿಸಿದೆ. ನಾನೂ ಕತ್ತರಿಯನ್ನು ಒರೆಸಿ, ಮೀಸೆಯನ್ನು ತಿರುವಿಕೊಂಡು ಹೋದೆ. ಮೊದಲ ದಿನವೇ ಅಲ್ಲಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಕಂಬದಷ್ಟು ಉದ್ದದ ಮೇಜು. ಅದರ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸುತ್ತಾರೆ, ಗೇಣಿನಷ್ಟು ದಪ್ಪ. ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕರೆಂಟಿನ ಕತ್ತಿಯನ್ನು ಓಡಿಸಿದರೆ ಒಂದೇ ಏಟಿಗೆ ನೂರು ಅಂಗಿ. ಅಂಗಡಿಯಲ್ಲಿ ಒಂದೊಂದೇ ಅಂಗಿ ಕತ್ತರಿಸಿದ ನನಗೆ ಇದು ಬರುವುದಿಲ್ಲವೆಂದು ಕೆಲವರು ಪಂದ್ಯ ಕಟ್ಟಿದ್ದರಂತೆ. ಪಾಪ, ಸೋತರು. ಕತ್ತಿ ನನ್ನ ಕೈಯಲ್ಲಿ ಕೆನೆಯ ಮೇಲೆ ಬೆರಳು ಆಡಿಸಿದ ಹಾಗೆ ಹೋಗುತ್ತಿತ್ತು. ಪಕ್ಕದ ಮೇಜಿನಲ್ಲಿ ಕತ್ತರಿಸಿದ ತುಂಡುಗಳಿಗೆಲ್ಲ ನಂಬರ್ ಚೀಟಿ ಅಂಟಿಸುವ ಹೆಂಗಸೊಬ್ಬಳಿದ್ದಾಳೆ, ಎಲ್ಲರಿಗೂ ಅವಳು ನಂಬರ್ ಅಕ್ಕ. ಅವಳೇ ಹೇಳಿದಳು, "ಮಾಸ್ಟರೇ, ನಿಮ್ಮ ತುಂಡು ಜೋಡಿಸಿದ್ರೆ ಅಂಚಿಗೆ ಅಂಚು ಕೂರುತ್ತೆ ಕಣ್ರೀ. ಏನು ತಿಂತೀರಿ ನೀವು?"

"ಡಾಕ್ಟರು ಬಿಟ್ಟಷ್ಟನ್ನು" ಎಂದೆ.

ಅಲ್ಲೇ ಇದೆ ನೋಡು ಸಂಕಟ. ನನ್ನ ದೊಡ್ಡ ಕರುಳಿನ ಹುಣ್ಣಿನ ವಿಷಯ ನಿನಗೆ ಗೊತ್ತೇ ಇದೆ. ಅದು ವಾಸಿಯಾಗುವ ಜಾತಿಯದಲ್ಲ. ಮಾತ್ರೆ ನುಂಗುತ್ತ, ಹದವಾಗಿ ಉಣ್ಣುತ್ತ ಇದ್ದರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಕೆರಳಿದರೆ ಮುಗಿಯಿತು, ಹೊಟ್ಟೆ ಹಿಂಡಿ, ರಕ್ತ ಬಿದ್ದು, ಬಚ್ಚಲಿಗೂ ಹಾಸಿಗೆಗೂ ಓಡಾಟವೇ ಓಡಾಟ. ನಾನು ಅದಕ್ಕೆ ಮನೆಅಳಿಯ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಒಮ್ಮೆ ಬಂದು ಸೇರಿಕೊಂಡರೆ ಹೋಗುವ ಮಾತಿಲ್ಲ, ಊಟದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಮುನಿಸು, ಎದ್ದು ಬಾ ಎಂದರೆ ಮಾವನಾದವನು ಎದ್ದು ನಿಲ್ಲಲೇಬೇಕು. ಈ ಅಳಿಯನನ್ನು ಒಂಬತ್ತು ವರ್ಷದಿಂದ ಸಾಕಿದ್ದೇನೆ. ಅಂಗಡಿಯಲ್ಲಿದ್ದಾಗ ಅವನಿಗೂ ನನಗೂ ಒಪ್ಪಂದವಿತ್ತು. ಅವನು ಕರೆದ ಗಳಿಗೆಯಲ್ಲಿ ನಾನು ಎದ್ದು ಹಿಂದಿನ ಬಾಗಿಲಿಂದ ಹೋಗುತ್ತಿದ್ದೆ. ಗಿರಾಕಿ ಅಳತೆಗೆ ಕೈ ಚಾಚಿಕೊಂಡೇ ನಿಂತಿರುತ್ತಿದ್ದ. ಬಂದು ಮುಂದುವರಿಸುತ್ತಿದ್ದೆ.

ಕಾರ್ಖಾನೆಯಲ್ಲಿ ಹಾಗಲ್ಲ. ಅಲ್ಲಿ ಕೆಂಪು ಪಟ್ಟಿ ಎಂದೊಂದಿದೆ. ತೋಳಿಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ. ಇಡೀ ಅಂತಸ್ತಿಗೆ ಎರಡೇ ಎರಡು. ಅದು ತೋಳಿನಲ್ಲಿದ್ದವನು ಮಾತ್ರ ಜಾಗ ಬಿಟ್ಟು ಏಳಬಹುದು, ಒಂದಕ್ಕಾಗಲಿ ಎರಡಕ್ಕಾಗಲಿ. ಹೋದವನು ವಾಪಸು ಬಂದು ಬಿಚ್ಚಿ ಕೊಟ್ಟರೆ ಮುಂದಿನವನಿಗೆ. ಅದನ್ನು ಕೊಡುವ ಅಧಿಕಾರ ಮೇಲ್ವಿಚಾರಕನದು. ಅವನ ಕೊರಳಲ್ಲಿ ಸದಾ ಒಂದು ಶಿಳ್ಳೆ. ಯಾರು ಎರಡು ಮಾತಾಡಿದರೂ ಶಿಳ್ಳೆ, ಯಾರು ಬೆನ್ನು ನೆಟ್ಟಗೆ ಮಾಡಿದರೂ ಶಿಳ್ಳೆ. ಶಿಳ್ಳೆಸಾಹೇಬ ಎಂದು ನಾನಿಟ್ಟ ಹೆಸರು ಮೂರೇ ದಿನದಲ್ಲಿ ಗೇಟಿನವರೆಗೂ ಹೋಯಿತು.

ಮೊದಲು ಕೆಲವು ವಾರ ಹೇಗೋ ನಡೆಯಿತು. ನಗಿಸಿಕೊಂಡೇ ಪಟ್ಟಿ ಪಡೆಯುತ್ತಿದ್ದೆ. ಆಮೇಲೆ ಗಡಿಬಿಡಿಯ ಆರ್ಡರುಗಳು ಬರತೊಡಗಿದವು. ಗಂಟೆಗೆ ಇಷ್ಟು ಪದರ ಎಂದು ಗೋಡೆಯ ಮೇಲೆ ಬರೆದರು. ಸಾಯಂಕಾಲದ ಹೊತ್ತಿಗೆ ಆ ಅಂಕಿ ಏರಿರುತ್ತಿತ್ತು, ಇಳಿದದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ಶಿಳ್ಳೆ. ಮಾತ್ರೆ ನುಂಗಲು ನೀರಿನ ಬಾಟಲಿ ಎತ್ತಿದರೆ ಶಿಳ್ಳೆ. ಅಳಿಯ ಕೆರಳಿದ. ಬೆಳಿಗ್ಗೆ ಒಮ್ಮೆ ಕರೆಯುತ್ತಿದ್ದವನು ಹತ್ತು ಸಲ ಕರೆಯತೊಡಗಿದ.

"ಮತ್ತೆ ನೀವೇನ್ರೀ?" ಅಂತಾನೆ ಶಿಳ್ಳೆಸಾಹೇಬ. "ಈಗ ತಾನೇ ಹೋಗಿ ಬಂದ್ರಲ್ಲ?"

"ಮರೆತು ಬಂದೆ ಸಾರ್."

"ಏನು ಮರೆತ್ರಿ?"

"ಉಳಿದದ್ದು."

ಎಲ್ಲರೂ ನಕ್ಕರು. ಅವನು ನಗಲಿಲ್ಲ, ಪಟ್ಟಿಯನ್ನೂ ಕೊಡಲಿಲ್ಲ. ಹಲ್ಲು ಕಚ್ಚಿ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕದಂತೆ ತೋಳಿನಿಂದ ಒರೆಸಿಕೊಳ್ಳುತ್ತ ನಿಂತೆ. ಹಳ್ಳಿ ಶಾಲೆಯಲ್ಲಿ ನಮ್ಮ ಮೇಷ್ಟ್ರು ಕೈಯಲ್ಲಿ ಬೆತ್ತವಿಲ್ಲದೆ ಪಾಠವನ್ನೇ ಮಾಡಿದವರಲ್ಲ. ಅವರೂ ಕೂಡ ಬೆರಳು ಎತ್ತಿದ ಹುಡುಗನನ್ನು "ಓಡೋ, ಓಡೋ" ಎಂದು ಕಳಿಸುತ್ತಿದ್ದರು.

ಡಾಕ್ಟರಮ್ಮನ ಹತ್ತಿರ ಹೋದೆ. ಮತ್ತೆ ಆ ಸ್ಟೀರಾಯ್ಡ್ ಮಾತ್ರೆ ಬರೆದರು. ಅದನ್ನು ನುಂಗಿದರೆ ಮುಖ ಬಲೂನಿನ ಹಾಗೆ ಊದುತ್ತದೆ, ಮೀಸೆ ಪುಟ್ಟದಾಗಿ ಕಾಣುತ್ತದೆ. ನನಗೆ ಅದೇ ದೊಡ್ಡ ದುಃಖ.

"ಕೆಲಸದಲ್ಲಿ ಒತ್ತಡ ಇದೆಯಾ?" ಎಂದು ಕೇಳಿದರು.

"ಒತ್ತಡ ಏನಿಲ್ಲ ಮೇಡಂ, ಒಂದು ಶಿಳ್ಳೆ ಇದೆ."

"ನಿಮ್ಮ ಕರುಳಿಗೂ ಕಿವಿ ಇದೆ ಮಾಸ್ಟರೇ, ಅದಕ್ಕೂ ಶಿಳ್ಳೆ ಕೇಳಿಸುತ್ತೆ. ಮಾತ್ರೆ ನಾನು ಎಷ್ಟು ಬೇಕಾದ್ರೂ ಬರೀಬಲ್ಲೆ. ಹೀಗೇ ಹೋದ್ರೆ ಮುಂದೆ ಕತ್ತರಿ ಹಿಡಿಯೋರು ಬೇರೆಯವರು, ಕತ್ತರಿಸಿಕೊಳ್ಳೋರು ನೀವು. ಯೋಚನೆ ಮಾಡಿ."

ಯೋಚನೆ ಮಾಡಿದೆ. ನಿನ್ನ ಕಾಗದವನ್ನೂ ತೆಗೆದು ಓದಿದೆ. "ಮಾವ, ನಿನ್ನ ಬಾಯಿ ಸ್ವಲ್ಪ ಮುಚ್ಚಿಕೊಂಡು, ಎಲ್ಲರ ಜೊತೆ ಹೊಂದಿಕೊಂಡು ಹೋಗು" ಎಂದು ಬರೆದಿದ್ದೀಯ. ಬಾಯಿಯನ್ನು ಮುಚ್ಚಿಕೊಂಡೆ ಕಣೇ. ತೊಂದರೆ ಇದ್ದದ್ದು ಆ ತುದಿಯಲ್ಲಿ ಅಲ್ಲ.

ಈಗ ಎಡತೋಳಿನ ಕತೆಗೆ ಬರುತ್ತೇನೆ. ಅಂಗಿಯ ತೋಳಿಗೆ ಒಂದೇ ರಟ್ಟಿನ ಅಚ್ಚು ಇರುತ್ತದೆ. ಬಟ್ಟೆಯ ಮೇಲೆ ಅದನ್ನು ಒಮ್ಮೆ ಹಾಗೇ ಇಟ್ಟು ಗೆರೆ ಎಳೆಯಬೇಕು, ಅದು ಎಡತೋಳು. ಆಮೇಲೆ ಅದನ್ನೇ ಮಗುಚಿ ಇಟ್ಟು ಎಳೆಯಬೇಕು, ಅದು ಬಲತೋಳು. ಹೊಲಿಗೆ ಕಲಿಯಲು ಬಂದ ಮೊದಲ ವಾರದವನೂ ಇದರಲ್ಲಿ ತಪ್ಪುವುದಿಲ್ಲ. ಕಳೆದ ಮಂಗಳವಾರ ವಾಚ್‌ಮನ್‌ಗಳ ಅಂಗಿಯ ಆರ್ಡರು. ಪಟ್ಟಿ ಕೇಳಿ ಕಾಯುತ್ತಿದ್ದೆ. ಒಂದು ಪಟ್ಟಿ ಹೊರಗೆ ಹೋಗಿತ್ತು, ಇನ್ನೊಂದು ಶಿಳ್ಳೆಸಾಹೇಬನ ಜೇಬಿನಲ್ಲಿತ್ತು. ಕಣ್ಣು ಬಾಗಿಲ ಮೇಲೆ, ಜೀವ ಹೊಟ್ಟೆಯಲ್ಲಿ, ಕೈ ಮಾತ್ರ ಬಟ್ಟೆಯ ಮೇಲೆ. ಅಚ್ಚು ಇಟ್ಟೆ, ಎಳೆದೆ. ಮತ್ತೆ ಇಟ್ಟೆ, ಎಳೆದೆ. ಕತ್ತಿ ಓಡಿಸಿದೆ. ಆಮೇಲೆ ಪಟ್ಟಿ ಸಿಕ್ಕಿತು, ಓಡಿದೆ.

ವಾಪಸು ಬಂದಾಗ ನಂಬರ್ ಅಕ್ಕ ತುಂಡುಗಳನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

"ಮಾಸ್ಟರೇ," ಎಂದಳು ಮೆಲ್ಲಗೆ, "ಈ ವಾಚ್‌ಮನ್‌ಗಳಿಗೆಲ್ಲ ಎಡಗೈ ಮಾತ್ರ ಇರೋದಾ?"

ನಾನು ಮಗುಚಿರಲಿಲ್ಲ. ಅಷ್ಟೂ ಪದರ, ಅಷ್ಟೂ ತೋಳು, ಎಲ್ಲವೂ ಎಡತೋಳೇ. ಮೇಜಿನ ಮೇಲೆ ಎರಡು ಗುಡ್ಡೆ, ಎರಡೂ ಎಡಗಡೆಯವು. ನಂಬರ್ ಅಕ್ಕನಿಗೆ ನಗು ಬಂತು. ನನ್ನ ಮುಖ ನೋಡಿ ನಿಲ್ಲಿಸಿದಳು. ಅವಳು ನಗು ನಿಲ್ಲಿಸಿದ್ದು ನನಗೆ ಶಿಳ್ಳೆಗಿಂತ ಜೋರಾಗಿ ಕೇಳಿಸಿತು. ಹದಿನೈದನೇ ವಯಸ್ಸಿನಲ್ಲಿ ಕತ್ತರಿ ಹಿಡಿದವನು ನಾನು. ಮದುಮಕ್ಕಳ ಬಟ್ಟೆಯನ್ನು ಮದುವೆಯ ದಿನ ಬೆಳಿಗ್ಗೆ ಕತ್ತರಿಸಿ ಮುಹೂರ್ತಕ್ಕೆ ತೊಡಿಸಿದ್ದೇನೆ. ಬಟ್ಟೆ ಹಾಳುಮಾಡಿದವನು ಎಂಬ ಮಾತು ಈ ಕೈಗೆ ಅಂಟಿರಲಿಲ್ಲ.

ಮ್ಯಾನೇಜರ್ ಗುರುವಾರ ಕರೆಸಿದರು. ನಿನ್ನ ಗೆಳತಿಯ ಗಂಡ ಕೆಟ್ಟವನಲ್ಲ, ಇದನ್ನು ಬರೆದೇ ಹೇಳುತ್ತೇನೆ. ಕುರ್ಚಿ ಎಳೆದು ಕೂರಿಸಿದರು. ನೀರು ತರಿಸಿದರು. "ಬಟ್ಟೆ ಹೋಗಲಿ ಬಿಡಿ ಮಾಸ್ಟರ್, ಯಾಕೆ ಹೀಗಾಯ್ತು, ಅದನ್ನು ಹೇಳಿ" ಎಂದರು. ನಾನು ಅಳಿಯನ ವಿಷಯವನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದೆ.

"ನನಗೆ ಒಂದೇ ಒಂದು ಸಹಾಯ ಮಾಡಿ ಸಾರ್," ಎಂದೆ. "ಪಟ್ಟಿ ಇಲ್ಲದೆ ಎದ್ದು ಹೋಗೋಕೆ ಬಿಡಿ. ಅಷ್ಟು ಸಾಕು. ಕೆಲಸ ಬಾಕಿ ಇಟ್ಟು ಹೋಗೋನಲ್ಲ ನಾನು."

ಅವರು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತರು. "ನಿಮಗೊಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ ಮಾಸ್ಟರ್."

"ಕೇಳಲಿ ಬಿಡಿ. ಎಲ್ಲರಿಗೂ ಕರುಳಿದೆ."

"ಅಯ್ಯೋ, ಅದು ಹಾಗಲ್ಲ." ಆಮೇಲೆ ದನಿ ತಗ್ಗಿಸಿ, ಒಳ್ಳೆಯ ಮಗನೊಬ್ಬ ತಂದೆಗೆ ಹೇಳುವ ಹಾಗೆಯೇ ಹೇಳಿದರು. "ತಪ್ಪು ತಿಳೀಬೇಡಿ. ದೊಡ್ಡವರಿಗೆ ಅಂತಲೇ ಡೈಪರ್ ಸಿಗುತ್ತೆ. ನಮ್ಮ ತಂದೆಗೂ ತರ್ತೀವಿ. ಅದನ್ನ ಹಾಕ್ಕೊಂಡು ಬಂದುಬಿಡಿ. ಪಟ್ಟಿ ಕೇಳೋ ರಗಳೆಯೇ ಇರಲ್ಲ. ಆರಾಮಾಗಿ ನಿಂತ ಕಡೆ ನಿಂತು ಕೆಲಸ ಮಾಡಬಹುದು."

ನಿಂತ ಕಡೆ ನಿಂತು! ನಾನು ನೀರಿನ ಲೋಟವನ್ನು ಕೆಳಗಿಟ್ಟೆ. ಎದ್ದು ನಿಂತೆ. ಅಂಗಿಯ ಮುದುರನ್ನು ಎಳೆದು ಸರಿಮಾಡಿಕೊಂಡೆ. "ಸಾರ್," ಎಂದೆ, "ನಾನು ಜನಕ್ಕೆ ಬಟ್ಟೆ ತೊಡಿಸೋನು. ನಾನು ಏನು ತೊಡಬೇಕು ಅಂತ ನೀವು ಹೇಳೋದು ಬೇಡ. ಈ ಹೊತ್ತಿಗೆ ಈ ಕೆಲಸ ಮುಗೀತು."

"ಕೂತ್ಕೊಳ್ಳಿ ಮಾಸ್ಟರ್, ಕೋಪ ಮಾಡ್ಕೋಬೇಡಿ."

"ಕೋಪ ಇಲ್ಲ ಸಾರ್. ನೀರು ತಣ್ಣಗಿತ್ತು, ಚೆನ್ನಾಗಿತ್ತು."

ಹೀಗೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ. ನಿನ್ನ ಅತ್ತೆ ನಂಬುವುದಿಲ್ಲ. "ನಿಮ್ಮ ಬಾಯಿಂದ ಅಷ್ಟು ಚಿಕ್ಕ ಮಾತು ಬಂದಿರೋಕೆ ಸಾಧ್ಯವೇ ಇಲ್ಲ" ಎನ್ನುತ್ತಾಳೆ.

ಹೋಗುವವನು ಸುಮ್ಮನೆ ಹೋದೆನೇ? ಹೋದರೆ ನಿನ್ನ ಮಾವ ಹೇಗಾದೇನು? ಮೇಜಿನ ಹತ್ತಿರ ಹೋದೆ. ಮೂಲೆಯಲ್ಲಿ ಹಳೆಯ ಆರ್ಡರಿನ ಕೆಂಪು ಬಟ್ಟೆಯ ಚೂರುಗಳು ಬಿದ್ದಿದ್ದವು, ಕಸಕ್ಕೆ ಹೋಗಬೇಕಾದವು. ಪದರ ಪದರವಾಗಿ ಜೋಡಿಸಿದೆ. ಪಟ್ಟಿಯ ಅಳತೆ ನನಗೆ ಬಾಯಿಪಾಠ. ಕತ್ತಿ ಓಡಿಸಿದೆ, ಒಂದೇ ಏಟು. ಇಡೀ ಅಂತಸ್ತಿಗೆ ಸಾಕಾಗುವಷ್ಟು ಕೆಂಪು ಪಟ್ಟಿ! ನಂಬರ್ ಅಕ್ಕನಿಗೆ ಮೊದಲು ಕಟ್ಟಿದೆ. ಅವಳು ತಾನೇ ಕೈಚೀಲ ಹಿಡಿದುಕೊಂಡು ಎಲ್ಲರಿಗೂ ಹಂಚಿದಳು. ನೋಡನೋಡುತ್ತಿದ್ದಂತೆ ಮೇಜು ಮೇಜಿಗೂ ಕೆಂಪು ತೋಳು. ಯಾರೂ ಹೇಳಿಕೊಡಲಿಲ್ಲ, ಎಲ್ಲರೂ ಎಡತೋಳಿಗೇ ಕಟ್ಟಿಕೊಂಡಿದ್ದರು. ಶಿಳ್ಳೆಸಾಹೇಬ ಬಂದ, ನೋಡಿದ, ಶಿಳ್ಳೆ ಬಾಯಿಗಿಟ್ಟ. ಯಾರ ಮೇಲೆ ಊದುವುದು? ಎಲ್ಲರ ತೋಳಲ್ಲೂ ಅಪ್ಪಣೆಯಿದೆ. ಅವನ ಕೆನ್ನೆ ಉಬ್ಬಿತ್ತು, ಸದ್ದು ಬರಲಿಲ್ಲ. ನಾನು ಅವನಿಗೊಂದು ನಮಸ್ಕಾರ ಹಾಕಿ, ಪಟ್ಟಿಯಿಲ್ಲದ ಬರಿ ತೋಳಿನಲ್ಲಿ, ಯಾರನ್ನೂ ಕೇಳದೆ ಬಚ್ಚಲಿಗೆ ಹೋದೆ. ನಿಧಾನವಾಗಿ ಕೂತೆ. ಆಮೇಲೆ ಮನೆಗೆ ಬಂದೆ.

ಮಾರನೆಯ ದಿನ ಎಲ್ಲರದನ್ನೂ ಕಿತ್ತುಕೊಂಡರಂತೆ. ನಂಬರ್ ಅಕ್ಕ ಫೋನು ಮಾಡಿ ಹೇಳಿದಳು. ಮತ್ತೆ ಅದೇ ಎರಡು. "ಒಂದು ಮಧ್ಯಾಹ್ನ ಆದ್ರೂ ರಾಣಿಯರ ಹಾಗೆ ಹೋಗಿಬಂದ್ವಿ ಬಿಡಿ" ಎಂದಳು. ಅವಳ ಕೆಲಸಕ್ಕೆ ಏನೂ ಆಗಿಲ್ಲ, ಅದನ್ನು ಮೊದಲು ಕೇಳಿದೆ.

ಮನೆಗೆ ಬಂದವನನ್ನು ನಿನ್ನ ಅತ್ತೆ ಬಾಗಿಲಲ್ಲೇ ನೋಡಿದಳು. ಹೊತ್ತಲ್ಲದ ಹೊತ್ತು, ಕೈಯಲ್ಲಿ ನನ್ನ ಕತ್ತರಿ.

"ಬಿಟ್ಟು ಬಂದ್ರಾ?"

"ಬಿಟ್ಟು ಬಂದೆ."

"ಸರಿ, ಕೈಕಾಲು ತೊಳ್ಕೊಳ್ಳಿ." ಒಳಗೆ ಹೋಗಿ ಅಲ್ಲಿಂದಲೇ ಕೇಳಿದಳು. "ಬಿಡೋದಕ್ಕೆ ಇಷ್ಟು ದಿನ ಬೇಕಾಯ್ತಾ?"

ನಾನು ದೊಡ್ಡ ವಾದಕ್ಕೆ ಸಿದ್ಧವಾಗಿ ಬಂದಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ದಂಡವಾಯಿತು.

ಈಗ ಮುಂದಿನ ಮಾತು. ಮುಂದಿನ ಕೋಣೆಯ ಸೋಫಾವನ್ನು ಹಿತ್ತಲಿಗೆ ಹಾಕಿದ್ದೇನೆ. ಆ ಜಾಗದಲ್ಲಿ ಕತ್ತರಿಸುವ ಮೇಜು ಬಂದಿದೆ. ಬಚ್ಚಲಿನ ಬಾಗಿಲು ಮಗ್ಗುಲಲ್ಲೇ. ಅಳಿಯ ಪಿಸುಗುಟ್ಟಿದರೂ ಸಾಕು. ಬೆಳಿಗ್ಗೆ ತಡವಾಗಿ ಶುರು, ಉಂಡ ಮೇಲೆ ಮಲಗುವುದು, ಡಾಕ್ಟರಮ್ಮ ಹೇಳಿದ ಹೊತ್ತಿಗೆ ಮಾತ್ರೆ. ಹೊಸ ಬಟ್ಟೆ ಸಿಕ್ಕಿದರೆ ಸಂತೋಷ. ಸಿಗುವವರೆಗೆ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಸಡಿಲಿಸುವುದು, ಜಿಪ್ ಬದಲಿಸುವುದು, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಬಾಗಿಲಿಗೆ ಬೋರ್ಡು ನಾನೇ ಬರೆದೆ: "ಮಾಸ್ಟರ್ ಎದ್ದು ಹೋದರೆ ಕೂತಿರಿ, ಬರುತ್ತಾರೆ." ನಿನ್ನೆ ಶಾಲೆಯ ವ್ಯಾನಿನ ಡ್ರೈವರ್ ಮೊದಲ ಗಿರಾಕಿಯಾಗಿ ಬಂದ. ನಾನು ಅಳತೆಯ ನಡುವೆ ಎದ್ದು ಹೋದೆ. ಬರುವಷ್ಟರಲ್ಲಿ ನಿನ್ನ ಅತ್ತೆಗೂ ಅವನಿಗೂ ಭಾರಿ ಸ್ನೇಹವಾಗಿ, ಅವನ ಹೆಂಡತಿಯ ರವಿಕೆಗಳೂ ನಮ್ಮ ಮನೆಗೇ ಬರುವುದೆಂದು ನಿಶ್ಚಯವಾಗಿತ್ತು.

ಮಾತ್ರೆಯ ಖರ್ಚಿಗೆ ಇದು ಸಾಲುತ್ತದೆಯೇ ಎಂದು ಕೇಳುತ್ತೀಯ, ಗೊತ್ತು. ಮೊದಲ ತಿಂಗಳುಗಳು ಬಿಗಿಯಾಗಿಯೇ ಇರುತ್ತವೆ. ಬಿಗಿಯಾದದ್ದನ್ನು ಸಡಿಲಿಸುವುದೇ ನನ್ನ ಕಸುಬು, ಹೆದರಬೇಡ. ಹಣ ಕಳಿಸಬೇಡ. ಕಳಿಸಿದರೆ ಅದರಲ್ಲಿ ನಿನಗೇ ಲಂಗ ಹೊಲಿದು ವಾಪಸು ಕಳಿಸುತ್ತೇನೆ, ಚಿಕ್ಕವಳಿದ್ದಾಗಿನ ಅಳತೆಗೆ.

ನಿನ್ನ ಗೆಳತಿಯ ಮುಂದೆ ನಿನ್ನ ಮುಖ ಸಣ್ಣದಾಗುತ್ತದೆಂಬುದೇ ಉಳಿದ ಯೋಚನೆ. ಅವಳ ಗಂಡ ನನ್ನನ್ನು ಚೆನ್ನಾಗಿ ನೋಡಿಕೊಂಡರೆಂದು ಹೇಳು. ಹಾಳಾದ ಬಟ್ಟೆಗೆ ನಾನು ದುಡಿದ ಕೊನೆಯ ದಿನಗಳ ಸಂಬಳವನ್ನು ಹಿಡಿದುಕೊಳ್ಳಲಿ ಎಂದು ಹೇಳಿಯೇ ಬಂದಿದ್ದೇನೆ. ಬೇರೆ ಏನು ಹೇಳಬೇಕೆಂದು ತೋಚುತ್ತದೋ ಅದನ್ನೂ ಹೇಳು. ಮಾವ ಮೊಂಡ ಎಂದು ಹೇಳಿದರೂ ನನ್ನ ಒಪ್ಪಿಗೆಯಿದೆ.

ಚೆನ್ನಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ನಿನ್ನ ನಾಲಿಗೆ ನೂರು ವರ್ಷ ಹೀಗೇ ಹರಿತವಾಗಿರಲಿ. ನಿನ್ನ ಅತ್ತೆಯೂ ಹರಸಿದ್ದಾಳೆ. ರಜೆ ಸಿಕ್ಕಿದರೆ ಬಾ. ಬರುವಾಗ ಸೋಫಾ ಹಿತ್ತಲಲ್ಲಿದೆ ಎಂಬುದು ನೆನಪಿರಲಿ.

ಇಂತಿ,
ನಿನ್ನ ಸೋದರಮಾವ,
ಮಾಸ್ಟರ್ (ಈಗ ಮಾಲೀಕನೂ ಹೌದು)

ಮರೆತ ಮಾತು: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ನಿನ್ನ ಅತ್ತೆ ಅಂಗಡಿಗೆ ಹೋಗಿದ್ದಾಳೆ.

ಮ್ಯಾನೇಜರ್ ದನಿ ತಗ್ಗಿಸಿ ಆ ಮಾತು ಹೇಳಿದಾಗ ನಾನು ಎದ್ದು ನಿಂತೆ ಎಂದು ಬರೆದೆನಲ್ಲ. ಅವರು ತೊಡಲು ಹೇಳಿದ್ದು ನನ್ನ ಪ್ಯಾಂಟಿನ ಒಳಗೆ ಆಗಲೇ ಇತ್ತು. ಒಂದು ದಿನ ಪಟ್ಟಿ ಬರುವುದು ತಡವಾಯಿತು. ಆ ದಿನದ ನಂತರ ತೊಡಲು ಶುರುಮಾಡಿದ್ದೆ. ಅಂಗಡಿಯಲ್ಲಿ ಕೇಳಲು ಬಾಯಿ ಬರಲಿಲ್ಲ, ನಾನೇ ಕತ್ತರಿಸಿ ಹೊಲಿದುಕೊಂಡೆ. ಒಳಗೆ ಮೂರು ಪದರ ಹಳೆಯ ಟವೆಲ್ಲು, ಹೊರಗೆ ಛತ್ರಿಯ ಬಟ್ಟೆ. ಮೇಜು ಒರೆಸುವ ಬಟ್ಟೆ ಹೊಲಿಯುತ್ತಿದ್ದೇನೆ ಎಂದು ನಿನ್ನ ಅತ್ತೆಗೆ ಹೇಳಿದೆ. ನಾನೇ ಒಗೆದು, ನಾನೇ ಹಿತ್ತಲ ಮೂಲೆಯಲ್ಲಿ ಒಣಹಾಕುತ್ತಿದ್ದೆ. ಸಂಜೆ ನೋಡಿದರೆ ಅವು ಮಡಿಸಿ ನನ್ನ ಕಪಾಟಿನಲ್ಲಿ ಇಟ್ಟಿರುತ್ತಿದ್ದವು. 

ಯಾಕೆ ಅಷ್ಟು ದಿನ ಹಲ್ಲು ಕಚ್ಚಿದೆ ಎಂದರೆ, ಕೆಲಸ ಸಿಕ್ಕಿದ ದಿನ ಇಲ್ಲಿಗೆ ಬಂದಿದ್ದ ನೀನು ನಿನ್ನ ಗೆಳತಿಯರಿಗೆಲ್ಲ ಫೋನು ಮಾಡಿ "ನಮ್ಮ ಮಾವ ದೊಡ್ಡ ಕಂಪನೀಲಿ ಮಾಸ್ಟರ್" ಎಂದು ಹೇಳುತ್ತಿದ್ದುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೆ. ಜನ್ಮವಿಡೀ ನನ್ನ ಜಂಬವನ್ನು ನಾನೇ ಕೊಚ್ಚಿಕೊಂಡವನು. ನನ್ನ ಪರವಾಗಿ ಇನ್ನೊಬ್ಬರು ಕೊಚ್ಚಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮುಂದೆ ರೋಗಕ್ಕಾಗಿ ತೊಡಬೇಕಾಗಿ ಬಂದರೆ ತೊಡುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ಒಬ್ಬನ ಜೇಬಿನಲ್ಲಿರುವ ಪಟ್ಟಿಗಾಗಿ ಇನ್ನು ತೊಡುವುದಿಲ್ಲ.

ನಾನು ಹೊಲಿದ ಬಟ್ಟೆಗಳಲ್ಲಿ ಯಾರ ಮುಂದೆಯೂ ಹೊಗಳಿಕೊಳ್ಳದೆ ಬಿಟ್ಟದ್ದು ಅದೊಂದೇ. ಹೊಲಿಗೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು ಕಣೇ.